ಮೂರು ಮೊಳದಾಚೆಯ ಮೆಸೇಜು

ನಮ್ಮ ಟೇಪಕ್ಕನ ಕೊರಳಲ್ಲಿ ಸರ ನೋಡಿದವರಿಲ್ಲ, ಅಳತೆಯ ಟೇಪು ಇಲ್ಲದ ಕೊರಳನ್ನೂ ನೋಡಿದವರಿಲ್ಲ. ಅಂಗಡಿಗೆ ಬರುವಾಗ ಟೇಪು, ಮನೆಗೆ ಹೋಗುವಾಗ ಟೇಪು, ಆಸ್ಪತ್ರೆಯಲ್ಲಿ ಬಿ.ಪಿ. ನೋಡಿಸಿಕೊಳ್ಳುವಾಗಲೂ ಟೇಪು. "ಅದನ್ನ ತೆಗೆದಿಡಮ್ಮ" ಎಂದ ಡಾಕ್ಟರಿಗೆ "ನಿಮ್ಮ ಕೊರಳಲ್ಲಿರೋದನ್ನ ಮೊದಲು ನೀವು ತೆಗೀರಿ" ಎಂದು ಹೇಳಿ ಬಂದವಳು ಅವಳು. ಅಪ್ಪ ಅಮ್ಮ ಇಟ್ಟ ಹೆಸರು ಅವಳ ಗಂಡನಿಗಾದರೂ ನೆನಪಿದೆಯೋ ಇಲ್ಲವೋ, ನನಗೆ ಅನುಮಾನ.

ಅಂಗಡಿ ಅವಳದ್ದು ಮತ್ತು ಅವಳ ತಂಗಿಯದ್ದು. ಎರಡು ಹೊಲಿಗೆ ಮಷಿನ್ನು ಎದುರುಬದುರು, ನಡುವೆ ಬಟ್ಟೆ ಕತ್ತರಿಸುವ ಮೂರು ಮೊಳ ಅಗಲದ ಮೇಜು. ಹಿಂದಿನ ಮೂಲೆಯಲ್ಲಿ ಇಸ್ತ್ರಿ ಮೇಜು, ಮುಂದೆ ಗಿರಾಕಿಗಳು ಬಂದು ನಿಲ್ಲುವ ಕೌಂಟರು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ನಾನು. ಗುಂಡಿ, ಕಾಜ, ಅಂಚು ಮಡಿಸುವುದು ನನ್ನ ಪಾಲಿನ ಕೆಲಸ. ಅಕ್ಕ ಬಟ್ಟೆ ಕತ್ತರಿಸುವುದರಲ್ಲಿ ಎತ್ತಿದ ಕೈ, ತಂಗಿ ತೋಳು ಕೂರಿಸುವುದರಲ್ಲಿ. ಅಕ್ಕ ಕತ್ತರಿಸಿ ತಂಗಿ ಹೊಲಿದ ಕೋಟು ಹಾಕಿಕೊಂಡವನು ಬಾಗಿಲು ದಾಟುವಾಗ ತಾನಾಗಿ ನೆಟ್ಟಗಾಗುತ್ತಿದ್ದ.

ಟೇಪಕ್ಕನಿಗೆ ಒಂದು ಹಟವಿತ್ತು. ಸರದಿ. ಬಂದ ಬಟ್ಟೆಗಳನ್ನೆಲ್ಲ ಗೋಡೆಯ ಮೊಳೆಗಳಿಗೆ ಸಾಲಾಗಿ ನೇತುಹಾಕಿ, ಎಡಗಡೆಯ ಮೊಳೆಯಿಂದ ಕೆಲಸ ಶುರು. ನಾಳೆ ಬೆಳಿಗ್ಗೆ ಮದುವೆ ಎಂದು ಹುಡುಗಿಯೊಬ್ಬಳು ಕೌಂಟರಿನ ಮೇಲೆ ತಲೆಯಿಟ್ಟು ಅತ್ತರೂ, ಅವಳಿಗಿಂತ ಮುಂಚೆ ಬಂದ ದಿಂಬಿನ ಕವರು ಮುಗಿಯದೆ ಅವಳ ಗೌನಿಗೆ ಸೂಜಿ ತಾಗುತ್ತಿರಲಿಲ್ಲ. ದಿಂಬಿನವನು ಊರಲ್ಲೇ ಇಲ್ಲ, ಮುಂದಿನ ತಿಂಗಳು ಬರುತ್ತಾನೆ ಎಂದರೂ ಕೇಳುತ್ತಿರಲಿಲ್ಲ. "ಕೇಳಿದವರಿಗೆ ಕೇಳಿದ ಸಾಲಲ್ಲೇ ಮಾಡ್ಕೊಡಬೇಕು ಕಣೇ. ಅಳೋರಿಗೆ ಮೊದಲು ಅಂತ ಶುರು ಮಾಡಿದ್ರೆ ನಾಳೆ ಎಲ್ಲರೂ ಅಳ್ತಾ ಬರ್ತಾರೆ" ಎನ್ನುತ್ತಿದ್ದಳು.

ಇಂಥ ಅಕ್ಕತಂಗಿಯರ ನಡುವೆ ಮಾತು ನಿಂತದ್ದು ಒಂದು ತೋಳಿನಿಂದ. ವಕೀಲೆಯೊಬ್ಬಳು ಕೋಟು ತೊಟ್ಟು ನೋಡಿ ಬಲಗಡೆ ಬಿಗಿ ಎಂದಳು. ಟೇಪಕ್ಕ ತಲೆಯೆತ್ತದೆ, "ಅದು ನಮ್ಮ ತಂಗಿ ಕೈಕೆಲಸ, ಬಿಡಿ, ನಾನು ಬಿಚ್ಚಿ ಸರಿಯಾಗಿ ಹಾಕ್ತೀನಿ" ಎಂದುಬಿಟ್ಟಳು. ಅಂಗಡಿಯಲ್ಲಿ ಆಗ ನಾಲ್ಕು ಜನ ಗಿರಾಕಿಗಳಿದ್ದರು. ತಂಗಿ ಮಷಿನ್ನಿನ ಚಕ್ರವನ್ನು ಕೈಯಿಂದ ತಡೆದು ನಿಲ್ಲಿಸಿದಳು. ಆ ನಾಲ್ವರೂ ಹೋಗುವವರೆಗೆ ಕಾದು ಹೇಳಿದಳು: "ಇನ್ನು ನಿನ್ನ ಹತ್ರ ನಾನು ಬಾಯಿಬಿಟ್ಟು ಒಂದು ಮಾತಾಡಿದ್ರೆ ಕೇಳು."

ಟೇಪಕ್ಕ ಕ್ಷಮೆ ಕೇಳುವ ಪೈಕಿ ಅಲ್ಲ. "ಬೇಡ ಬಿಡು" ಎಂದು ಕತ್ತರಿ ಎತ್ತಿಕೊಂಡಳು. ಇಬ್ಬರಿಗೂ ಎರಡು ಏಟು ಕೊಡೋಣ ಅನ್ನಿಸಿತು ನನಗೆ. ವಯಸ್ಸಿನಲ್ಲಿ ದೊಡ್ಡವರು, ಸುಮ್ಮನಾದೆ.

ಜಗಳವೇನೋ ಮಾಡಿಕೊಂಡರು, ಆದರೆ ಅಂಗಡಿಯಲ್ಲಿ ದೊಡ್ಡ ಕತ್ತರಿ ಇರುವುದು ಒಂದೇ. ದಾರದ ಡಬ್ಬ ಅಕ್ಕನ ಪಕ್ಕ, ಕಿಟಕಿ ಅಕ್ಕನ ಹಿಂದೆ. ಮೊದಲ ವಾರ ನನ್ನ ಮೂಲಕ ವ್ಯವಹಾರ ನಡೆಯಿತು. "ಕತ್ತರಿ ಕೊಡೋಕೆ ಹೇಳೇ ಅವಳಿಗೆ." ಅವಳಿಗೆ ಕೇಳಿಸಿರುತ್ತದೆ, ಆದರೂ ನಾನು ಇನ್ನೊಮ್ಮೆ ಹೇಳುವ ತನಕ ಕತ್ತರಿ ಅಲ್ಲಾಡುವುದಿಲ್ಲ. ಒಂದು ದಿನ ಸೂಜಿ ಬೆರಳಿಗೆ ಚುಚ್ಚಿಕೊಂಡು ನನಗೂ ರೇಗಿತು. "ನಾನು ಗುಂಡಿ ಹಚ್ಚೋಕೆ ಬಂದವಳು, ನಿಮ್ಮಿಬ್ಬರ ಟಪಾಲು ಹಂಚೋಕಲ್ಲ" ಎಂದು ಹೇಳಿಬಿಟ್ಟೆ.

ಮಾರನೆಯ ದಿನದಿಂದ ತಂಗಿ ಫೋನಿನಲ್ಲಿ ಮೆಸೇಜು ಕಳಿಸತೊಡಗಿದಳು. ಬಾಯಿಬಿಟ್ಟು ಮಾತಾಡುವುದಿಲ್ಲ ಎಂದಿದ್ದಳೇ ಹೊರತು ಬೆರಳಿಗೆ ಅವಳು ಆಣೆ ಹಾಕಿರಲಿಲ್ಲ. ಟಪಟಪ ಒತ್ತುತ್ತಾಳೆ, ಮೂರು ಮೊಳದಾಚೆ ಅಕ್ಕನ ಫೋನು ಟಿಂಗ್ ಎನ್ನುತ್ತದೆ, ಅಕ್ಕ ಕನ್ನಡಕ ಏರಿಸಿ ಓದುತ್ತಾಳೆ, 'ಕತ್ತರಿ', ಕತ್ತರಿ ಮೇಜಿನ ಮೇಲೆ ಜಾರಿ ಈಚೆಗೆ ಬರುತ್ತದೆ. ಅಕ್ಕ ಮಾತ್ರ ತಿರುಗಿ ಬರೆಯುತ್ತಿರಲಿಲ್ಲ. ಅವಳಿಗೆ ಏನಾದರೂ ಬೇಕಾದರೆ ತಲೆಯ ಮೇಲಿನ ಫ್ಯಾನಿಗೆ ಹೇಳುತ್ತಿದ್ದಳು. "ನೀಲಿ ದಾರ ಯಾರಾದ್ರೂ ಕೊಟ್ಟಿದ್ರೆ ಚೆನ್ನಾಗಿತ್ತಪ್ಪ." ತಂಗಿ ಅದನ್ನು ಫ್ಯಾನಿನ ಮಾತೆಂದೇ ತಿಳಿದು ನೀಲಿ ದಾರ ಕೊಡುತ್ತಿದ್ದಳು. ಗಿರಾಕಿಗಳು ಕಣ್ಣುಕಣ್ಣು ಬಿಟ್ಟು ನೋಡುತ್ತಿದ್ದರು. ಹುಚ್ಚರ ಅಂಗಡಿಯೇ ಆದರೂ ಕೆಲಸ ಸಾಗುತ್ತಿತ್ತು.

ಅಷ್ಟರಲ್ಲಿ ಭಾವ ನಡುವೆ ಬಂದರು.

ಭಾವ ಎಂದರೆ ಟೇಪಕ್ಕನ ಗಂಡ. ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸದಲ್ಲಿ ಇದ್ದು ನಿವೃತ್ತರಾದವರು. ಬೇರೆಯವರು ಉರಿಸಿದ ಕರೆಂಟನ್ನು ಬದುಕಿಡೀ ಓದೀ ಓದೀ ಅವರಿಗೆ ಕರೆಂಟೆಂದರೆ ಕರುಳು ಚುರ್ ಎನ್ನುತ್ತಿತ್ತು. ಅವರ ಮನೆಯಲ್ಲಿ ನೀವು ಕೋಣೆಯಿಂದ ಒಂದು ಕಾಲು ಹೊರಗಿಟ್ಟರೆ ಸಾಕು, ಇನ್ನೊಂದು ಕಾಲು ಕತ್ತಲಲ್ಲಿರುತ್ತದೆ. ಫೋನಿನ ಚಾರ್ಜರನ್ನು ಪ್ಲಗ್ಗಿನಲ್ಲಿ ಬಿಟ್ಟರೆ ಸುಮ್ಮಸುಮ್ಮನೆ ಕರೆಂಟು ಕುಡಿಯುತ್ತದೆಂದು ಅದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ಸಂಜೆ ಟೀ ಹೊತ್ತಿಗೆ ಫ್ಲಾಸ್ಕು ಹಿಡಿದು ಅಂಗಡಿಗೆ ಬಂದು, ಹೆಂಡತಿಯ ಫೋನಿಗೆ ಚಾರ್ಜು ಹಾಕಿ, ಪಕ್ಕದಲ್ಲಿ ಕಾವಲು ಕೂತು, ಕಿತ್ತು ಮತ್ತೆ ಜೇಬಿಗೆ ಸೇರಿಸಿಕೊಂಡು ಹೋಗುತ್ತಿದ್ದರು.

ಇಂಥವರ ಕಣ್ಣಿಗೆ ಒಂದು ದಿನ ಫೋನಿನೊಳಗಿನ ಪವರ್ ಸೇವಿಂಗ್ ಬಿದ್ದಿತು. ಅದರಲ್ಲೂ ಎರಡು ಬಗೆ: ಸಾಧಾರಣದ್ದು, ಕಡುಜಿಪುಣರದ್ದು. ಭಾವ ಯಾವುದನ್ನು ಒತ್ತಿದರೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ. ಮರುದಿನ ಟೇಪಕ್ಕನ ಫೋನಿನ ಬಣ್ಣವೆಲ್ಲ ಹೋಗಿ ಕಪ್ಪುಬಿಳುಪಾಗಿತ್ತು. "ಹಳೇದಾಯ್ತಲ್ಲ, ಅದಕ್ಕೂ ನರೆ ಬಂದಿದೆ" ಎಂದು ಅವಳು ಸುಮ್ಮನಾದಳು. ಒಂದು ದಿನ ಬರುತ್ತಿದ್ದ ಚಾರ್ಜು ಮೂರು ದಿನ ಬರತೊಡಗಿತೆಂದು ಭಾವ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಹಾಗಂತ ಸಂಜೆಯ ಕಾವಲನ್ನೇನೂ ಬಿಡಲಿಲ್ಲ. ಅದು ಹೇಗಾಯಿತೆಂದು ಮಾತ್ರ ಯಾರಿಗೂ ಬಾಯಿಬಿಡಲಿಲ್ಲ, ದೊಡ್ಡ ವಿಜ್ಞಾನಿ.

ಅವತ್ತಿನಿಂದ ಟಿಂಗ್ ನಿಂತುಹೋಯಿತು. ಯಾರಾದರೂ ಫೋನು ಮಾಡಿದರೆ ಗಂಟೆ ಬಾರಿಸುತ್ತಿತ್ತು, ಟೇಪಕ್ಕ ಎತ್ತಿಕೊಂಡು "ಹೇಳಿ, ಹೇಳಿ" ಎಂದು ನಗುನಗುತ್ತ ಮಾತಾಡುತ್ತಿದ್ದಳು. ಬರವಣಿಗೆಯಲ್ಲಿ ಬಂದದ್ದೆಲ್ಲ ಎಲ್ಲೋ ಹೊರಗೆ ತಡೆದು ನಿಂತಿರುತ್ತಿತ್ತು. ಸಂಜೆ ಭಾವ ಚಾರ್ಜರ್ ಚುಚ್ಚಿದಾಗ ಇಡೀ ದಿನದ್ದು ಒಟ್ಟಿಗೆ ಒಳಗೆ ನುಗ್ಗುತ್ತಿತ್ತು.

ಮೊದಲ ಸಂಜೆ ನಡೆದದ್ದನ್ನು ನೆನೆದರೆ ನನಗೆ ಇವತ್ತಿಗೂ ನಗು ತಡೆಯಲಾಗುವುದಿಲ್ಲ. ಟೇಪಕ್ಕ ಟೀ ಲೋಟ ಕೆಳಗಿಟ್ಟು ಫೋನು ನೋಡಿದಳು. ಎದ್ದಳು. ಕತ್ತರಿಯನ್ನು ತಂಗಿಯ ಮುಂದಿಟ್ಟಳು. ಮತ್ತೆ ಓದಿದಳು. ಹೋಗಿ ಕಿಟಕಿ ಮುಚ್ಚಿದಳು. ಬೆಳಿಗ್ಗೆ ತಂಗಿಯ ಕಣ್ಣಿಗೆ ಹೊಡೆಯುತ್ತಿದ್ದ ಬಿಸಿಲು ಆ ಹೊತ್ತಿಗೆ ಎದುರು ಕಟ್ಟಡದ ಆಚೆಗೆ ಇಳಿದಿತ್ತು. ಮತ್ತೆ ಓದಿದಳು. ಕಪ್ಪು ದಾರದ ಉಂಡೆ ತಂದಿಟ್ಟಳು, ಕಪ್ಪು ಅಂಗಿ ಕಂದು ದಾರದಲ್ಲಿ ಹೊಲಿದು ಮುಗಿದಿದ್ದರೂ. ಕೊನೆಯದನ್ನು ಓದಿ, ಬೀದಿಗಿಳಿದು, 'ಆ ನಾಯಿಯನ್ನು ಓಡಿಸು' ಎಂದಿದ್ದಕ್ಕೆ ಇಲ್ಲದ ನಾಯಿಯನ್ನು ಹುಶ್ ಹುಶ್ ಎಂದು ಓಡಿಸಿ ಬಂದಳು. ಕೇಳಿದವರಿಗೆ, ಕೇಳಿದ ಸಾಲಲ್ಲಿ.

ತಂಗಿ ಕೆಂಡವಾದಳು. ಅಕ್ಕ ಹೊರಗೆ ಹೋದಾಗ ನನ್ನ ಮುಂದೆ ಫೋನು ಹಿಡಿದು ತೋರಿಸಿದಳು. "ನೋಡೇ, ಇಡೀ ದಿನ ಒಂದೇ ಟಿಕ್ಕು, ಮುಟ್ಟಿದ್ರೆ ಎರಡು ಬೀಳ್ಬೇಕು. ಬೇಕಂತ್ಲೇ ನೆಟ್ ಆಫ್ ಮಾಡಿಡ್ತಾಳೆ. ಊರವರ ಜೊತೆಯೆಲ್ಲ ಫೋನಲ್ಲಿ ಹಲ್ಲುಕಿರಿಯೋಕೆ ಆಗುತ್ತೆ, ನನ್ನದು ಮಾತ್ರ ಬೇಡ. ಸಂಜೆ ಎದ್ದು ಕುಣಿದು ನನ್ನ ಅಣಕಿಸ್ತಾಳೆ." ಅಕ್ಕನ ದೂರು ಬೇರೆ. ಫ್ಯಾನಿಗೆ ಹೇಳಿಕೊಳ್ಳುತ್ತಿದ್ದಳು: "ಹಗಲೆಲ್ಲ ಬಾಯಲ್ಲಿ ಬೆಣ್ಣೆ ಇಟ್ಕೊಂಡಂಗೆ ಇದ್ದು, ನಾನು ಟೀ ಕುಡಿಯೋಕೆ ಕೂತಾಗ್ಲೇ ಹನ್ನೆರಡು ಹುಕುಂ. ಆಳು ಅಂದ್ಕೊಂಡಿದ್ದಾಳೆ." ನನಗೂ ತಂಗಿಯದ್ದೇ ನಿಜವೆಂದು ತೋರಿತು. ಫೋನಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಕರೆ ಬರುವ ಫೋನಿಗೆ ಮೆಸೇಜು ಬರುವುದಿಲ್ಲವೆಂದು ನಾವಾದರೂ ಹೇಗೆ ತಿಳಿಯಬೇಕು?

ಹೀಗೇ ವಾರಗಳು ಉರುಳಿದವು. ತಂಗಿ ಮನೆಯಿಂದ ಬೇರೆ ಕತ್ತರಿ ತಂದಳು, ಬೇರೆ ದಾರ ತಂದಳು. ಅಂಗಡಿಯೊಳಗೇ ಸದ್ದಿಲ್ಲದೆ ಎರಡು ಅಂಗಡಿಗಳಾಗುತ್ತಿದ್ದವು. ಆಮೇಲೆ ಒಂದು ಬೆಳಿಗ್ಗೆ, ಅಕ್ಕ ಇನ್ನೂ ಬರುವ ಮುಂಚೆ, ತಾನು ಕಳಿಸಿದ ಮೆಸೇಜೊಂದನ್ನು ನನಗೆ ಓದಿಸಿದಳು.

'ಹಿಂದಿನ ಬೀದಿಯಲ್ಲಿ ಒಂದು ಕೋಣೆ ಖಾಲಿ ಇದೆ. ನನ್ನ ಮಷಿನ್ನು ಅಲ್ಲಿಗೆ ಸಾಗಿಸ್ತೀನಿ. ಮಧ್ಯಾಹ್ನ ಹೋಗಿ ಕೀ ತಗೋಬೇಕು. ಬೇಡ ಅಂದ್ರೆ ಅದಕ್ಕೆ ಮುಂಚೆ ಹೇಳು.'

ಅಕ್ಕ ಕತ್ತರಿಸಿದ್ದನ್ನು ಇನ್ನು ಯಾರು ಹೊಲಿಯಬೇಕು? ಅವಳು ಹೊಲಿಯುವುದಕ್ಕೆ ಯಾರು ಕತ್ತರಿಸಬೇಕು? ಎರಡೂ ಅಂಗಡಿಗಳು ಮುಚ್ಚುವುದಕ್ಕೆ ಒಂದು ವರ್ಷ ಸಾಕು. ನಾನು ಯಾವ ಕಡೆ ಕೂತು ಗುಂಡಿ ಹಚ್ಚಲಿ? "ನೀನು ಅವಳಿಗೆ ಒಂದಕ್ಷರ ಹೇಳಿದ್ರೆ ನನ್ನ ಮುಖ ನೋಡಬೇಡ" ಎಂದಳು. "ಅವಳಾಗೇ ಬೇಡ ಅನ್ನಬೇಕು. ಒಂದೇ ಒಂದು ಸಲ ಅಂದ್ರೆ ಸಾಕು, ನಾನು ಹೋಗಲ್ಲ." ಅಷ್ಟು ಹೇಳಿ ಮೂಗು ಒರೆಸಿಕೊಂಡಳು.

ಟೇಪಕ್ಕ ಬಂದಳು. ಅವತ್ತೇ ಅವಳಿಗೆ ಎಲ್ಲಿಲ್ಲದ ಹುರುಪು. ಗುನುಗಿಕೊಂಡು ಬಟ್ಟೆ ಕತ್ತರಿಸುತ್ತಿದ್ದಾಳೆ. ಎದುರಿಗೆ ತಂಗಿ ಫೋನನ್ನು ಮಷಿನ್ನಿನ ಮೇಲೆ ಇಟ್ಟುಕೊಂಡು, ಎರಡು ಹೊಲಿಗೆಗೊಮ್ಮೆ ಆ ಒಂಟಿ ಟಿಕ್ಕನ್ನು ನೋಡುತ್ತಿದ್ದಾಳೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ.

"ಅಕ್ಕ, ಫೋನ್ ನೋಡಿದ್ಯಾ?"

"ಯಾಕೆ, ಗೋಡೆ ಮೇಲೆ ಗಡಿಯಾರ ಇಲ್ವಾ?"

"ಟೈಮಿಗಲ್ಲ ಅಕ್ಕ. ಸುಮ್ನೆ ಒಂದ್ಸಲ ನೋಡು."

"ಕೆಲಸದ ಹೊತ್ತಲ್ಲಿ ಫೋನ್ ನೋಡೋ ಚಟ ನನಗಿಲ್ಲಮ್ಮ. ಕೆಲವರಿಗಿದೆ" ಎಂದು ಫ್ಯಾನಿನ ಕಡೆ ನೋಡಿದಳು. ತಂಗಿಯ ಮಷಿನ್ನು ದಡದಡ ಓಡಿತು.

ಮಧ್ಯಾಹ್ನ ತಂಗಿ ಎದ್ದು ಹೋದಳು. ತಿರುಗಿ ಬಂದಾಗ ಕೈಯಲ್ಲಿ ಕೀ ಇತ್ತು. ಅದನ್ನು ಮಷಿನ್ನಿನ ಹಲಗೆಯ ಮೇಲೆ ಠಣ್ ಎಂದು ಕುಕ್ಕಿದಳು. ಟೇಪಕ್ಕ ಫ್ಯಾನಿಗೆ "ಯಾರದೋ ಕೀ ಬಿತ್ತು ನೋಡಪ್ಪ" ಎಂದಳು.

ಸಂಜೆಯ ಟೀ ಹೊತ್ತು ಹತ್ತಿರವಾದಾಗ ಲಾಡ್ಜಿನ ಮ್ಯಾನೇಜರು ಬಂದರು. ಭಾರೀ ಆಳು. ಅವರ ಹೊಸ ಕೋಟು ಇಸ್ತ್ರಿ ಮೇಜಿನ ಮೇಲೆ ಕೊನೆಯ ಉಜ್ಜು ತಿನ್ನುತ್ತಿತ್ತು. ಟೇಪಕ್ಕ ಇಸ್ತ್ರಿಪೆಟ್ಟಿಗೆ ಬಿಟ್ಟು, ಇನ್ನೊಂದು ಪ್ಯಾಂಟಿಗೆ ಸೊಂಟದ ಅಳತೆ ತೆಗೆಯಲು ಮುಂದೆ ಬಂದಳು. ಬಿಟ್ಟದ್ದು ಎಲ್ಲಿ? ಕೋಟಿನ ಬೆನ್ನ ಮೇಲೆ. ನಾನು ಮ್ಯಾನೇಜರ ಕಾಲ ಬಳಿ ಮಂಡಿಯೂರಿ, ತುಟಿಗಳ ನಡುವೆ ಆರೇಳು ಗುಂಡುಪಿನ್ನು ಕಚ್ಚಿಕೊಂಡು, ಪ್ಯಾಂಟಿನ ಅಂಚು ಮಡಿಸುತ್ತಿದ್ದೆ. ಸುಟ್ಟ ವಾಸನೆ ಮೊದಲು ಬಂದದ್ದು ನನ್ನ ಮೂಗಿಗೆ. ತಲೆಯೆತ್ತಿದರೆ ಮೂಲೆಯಲ್ಲಿ ಹೊಗೆ. "ಮ್ಮ್! ಮ್ಮ್!" ಎಂದೆ. ಬಾಯಿ ತೆರೆದರೆ ಪಿನ್ನು ಗಂಟಲಿಗಿಳಿಯುತ್ತದೆ.

ತಂಗಿಯೂ ನೋಡಿದ್ದಳು. ನೋಡಿದವಳು ಏನು ಮಾಡಿದಳು ಗೊತ್ತೇ? ಫೋನು ಎತ್ತಿಕೊಂಡಳು! ಮೂಲೆಯಲ್ಲಿ ಬಟ್ಟೆ ಹೊಗೆಯಾಡುತ್ತಿದೆ, ಇವಳು ಎರಡು ಹೆಬ್ಬೆರಳಲ್ಲಿ 'ಇಸ್ತ್ರಿ ಕೋಟಿನ ಮೇಲಿದೆ' ಎಂದು ಒತ್ತುತ್ತಿದ್ದಾಳೆ. ಕಳಿಸಿದಳು. ಕಾದಳು. ಒಂದೇ ಟಿಕ್ಕು. 'ಬೇಗ' ಎಂದು ಇನ್ನೊಂದು ಕಳಿಸಿದಳು. ಎದ್ದು ಹೋಗಿ ಇಸ್ತ್ರಿ ಎತ್ತಬಾರದಿತ್ತೇ ಎಂದು ಆಮೇಲೆ ಕೇಳಿದರೆ, ಅಕ್ಕನ ಕೆಲಸಕ್ಕೆ ಕೈಹಾಕಿದರೆ ಅಕ್ಕನಿಗೆ ಆಗಿಬರುವುದಿಲ್ಲವಂತೆ. ನಾನು ಪಿನ್ನುಗಳನ್ನೆಲ್ಲ ಅಂಗೈಗೆ ಉಗುಳಿ ಮುಗಿಸುವಷ್ಟರಲ್ಲಿ ಅಂಗಡಿ ನಡುಗುವ ಹಾಗೆ ಒಂದು ಕೂಗು ಕೇಳಿತು.

"ಅಕ್ಕಾ!"

ಟೇಪಕ್ಕನ ಕೈಯಿಂದ ಟೇಪು ಜಾರಿತು. ತಿರುಗಿದಳು. ಹೊಗೆಯನ್ನು ನೋಡಲಿಲ್ಲ, ಕೋಟನ್ನು ನೋಡಲಿಲ್ಲ, ತಂಗಿಯ ಮುಖವನ್ನೇ ನೋಡುತ್ತ ನಿಂತಳು.

"ಏನಂದೆ?"

"ಇಸ್ತ್ರಿ ಅಕ್ಕ, ಇಸ್ತ್ರಿ! ಸುಟ್ಟುಹೋಗ್ತಿದೆ!"

"ಅದಲ್ಲ. ಮೊದಲು ಏನಂದೆ?"

ಕೊನೆಗೆ ಓಡಿಹೋಗಿ ಇಸ್ತ್ರಿ ಎತ್ತಿದವಳು ನಾನು. ಕೋಟಿನ ಬೆನ್ನಲ್ಲಿ ಇಸ್ತ್ರಿಪೆಟ್ಟಿಗೆಯ ಅಚ್ಚು ಅಚ್ಚುಕಟ್ಟಾಗಿ ಮೂಡಿತ್ತು. ಮ್ಯಾನೇಜರು ಎರಡೂ ಕೈ ಚಾಚಿ ಅಳತೆಗೆ ನಿಂತಲ್ಲೇ ನಿಂತಿದ್ದರು, ಸೊಂಟದ ಸುತ್ತ ಅರ್ಧ ಟೇಪು ನೇತಾಡುತ್ತಿತ್ತು.

"ಬಾಯಲ್ಲಿ ಹೇಳೋಕೆ ಇಷ್ಟು ಹೊತ್ತಾ?" ಎಂದಳು ಟೇಪಕ್ಕ, ಈಗ ಸಿಟ್ಟು ನೆನಪಾಗಿ.

"ಮೆಸೇಜ್ ಕಳಿಸಿದ್ದೆ! ನನ್ನ ಮೆಸೇಜ್ ನೀನು ನೋಡ್ತೀಯಾ? ಸಂಜೆ ತನಕ ಮುಟ್ಟಲ್ಲ!"

"ಸಂಜೆ ತನಕ ನೀನು ಕಳಿಸಿದ್ರೆ ತಾನೆ!"

ಸರಿಯಾಗಿ ಆಗಲೇ ಭಾವ ಫ್ಲಾಸ್ಕು ಹಿಡಿದು ಒಳಗೆ ಬಂದರು. ಹೊಗೆ ನೋಡಿದವರೇ ಇಸ್ತ್ರಿಯ ಸ್ವಿಚ್ಚು ಆರಿಸಿದರು. ಆಮೇಲೆ ಜೇಬಿನಿಂದ ಚಾರ್ಜರ್ ತೆಗೆದು, ಹೆಂಡತಿಯ ಫೋನಿಗೆ ಚುಚ್ಚಿದರು. ಟಿಂಗ್ ಟಿಂಗ್ ಟಿಂಗ್ ಎಂದು ಫೋನು ಒಂದೇ ಉಸಿರಿಗೆ ಹೊಡೆದುಕೊಂಡಿತು. ಮೂವರೂ ಅದನ್ನೇ ನೋಡಿದೆವು.

"ಇದೇನು ಭಾವ, ಈಗ ಬರ್ತಿದೆ?" ಎಂದಳು ತಂಗಿ.

ಭಾವನ ಮುಖ ಅರಳಿತು. ಯಾರಾದರೂ ಕೇಳಲೆಂದು ಎಷ್ಟು ದಿನದಿಂದ ಕಾದಿದ್ದರೋ. "ಪವರ್ ಸೇವಿಂಗ್ ಹಾಕಿಟ್ಟಿದ್ದೀನಿ. ಕಡೇ ಮಟ್ಟದ್ದು. ಬೇಡದ್ದನ್ನೆಲ್ಲ ಅದೇ ತಡೆದು ಇಟ್ಕೊಳ್ಳುತ್ತೆ, ಚಾರ್ಜಿಗೆ ಹಾಕ್ದಾಗ ಬಿಡುತ್ತೆ. ನೋಡು, ಮೂರು ದಿನ..."

"ನನ್ನ ಮಾತು ಬೇಡದ್ದಾ ಭಾವ?"

ಭಾವ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದರು. ಟೇಪಕ್ಕ ಕನ್ನಡಕ ಏರಿಸಿದಳು. "ಕೊಡಿ ಇಲ್ಲಿ" ಎಂದು ಫೋನು ಕೈಗೆ ತಗೊಂಡಳು. ತಂಗಿ ಥಟ್ಟನೆ ಕೀಯ ಮೇಲೆ ಅಂಗೈ ಮುಚ್ಚಿದಳು.

ಓದುವುದಾದರೂ ಹೇಗೆ? ಸರದಿಯ ಮಹಾತಾಯಿ! ಮುಂಚೆ ಬಂದದ್ದನ್ನೆಲ್ಲ ಮೊದಲು ಮುಗಿಸಬೇಕು. ಮೊದಲನೆಯದು ಪರದೆ ಅಂಗಡಿಯವನದ್ದು, ಎರಡನೆಯದು ಯಾರಿಗೋ ಹೆರಿಗೆಯಾದದ್ದು. "ಗಂಡಂತೆ" ಎಂದು ನನಗೆ ಹೇಳಿದಳು. "ಮುಂದಿನದು ಓದು ಅಕ್ಕ" ಎಂದು ನಾನು ಹಲ್ಲು ಕಚ್ಚಿದೆ. ಮುಂದಿನದನ್ನು ಓದಿದಳು. ತುಟಿ ಅಲ್ಲಾಡುತ್ತಿದ್ದದ್ದು ನಿಂತಿತು. ಇನ್ನೊಮ್ಮೆ ಮೊದಲಿನಿಂದ ಓದಿದಳು. ತಲೆಯೆತ್ತಿ ಗೋಡೆಯ ಗಡಿಯಾರ ನೋಡಿ, ತಂಗಿಯ ಅಂಗೈ ನೋಡಿ, ಸ್ಟೂಲು ಎಳೆದುಕೊಂಡು ಕೂತಳು.

"ಕೀ ತಗೊಂಡಾಯ್ತಾ?"

"ಆಯ್ತು."

ಟೇಪಕ್ಕ ಕನ್ನಡಕ ಕಳಚಿದಳು. ಅವಳು ಏನೂ ಹೇಳದೆ ಫ್ಯಾನಿನ ಕಡೆ ತಿರುಗಿದರೆ ಈ ಸಲ ಕತ್ತರಿಯಿಂದಲೇ ಹೊಡೆಯುತ್ತೇನೆ ಅಂದುಕೊಂಡೆ.

"ಇದು ಬೆಳಿಗ್ಗೆ ಬಂದಿದ್ರೆ," ಎಂದಳು, "'ಹೋಗು' ಅಂತ ಬರೀತಿದ್ದೆ. ನನ್ನ ಬುದ್ಧಿ ನನಗೆ ಗೊತ್ತು. ಎಂದೂ ಬರೆಯದವಳು ಅವತ್ತು ಹುಡುಕಿ ಹುಡುಕಿ ಒತ್ತಿ ಕಳಿಸ್ತಿದ್ದೆ. ನೀನು ಹೋಗ್ತಿದ್ದೆ."

ತಂಗಿ ಕೇಳಿದಳು: "ಈಗ?"

"ಈಗ ನಿನ್ನ ದನಿ ಕೇಳಿಬಿಟ್ಟೆನಲ್ಲೇ."

"ಅದು ಉತ್ತರ ಆಗಲಿಲ್ಲ. ಬಾಯಿಬಿಟ್ಟು ಹೇಳು."

ಟೇಪಕ್ಕ ಕೊರಳಿಗೆ ಕೈಹಾಕಿ ಟೇಪು ಹುಡುಕಿದಳು. ಅದು ಮ್ಯಾನೇಜರ ಸೊಂಟದಲ್ಲಿತ್ತು. ಹಿಡಿಯಲು ಏನೂ ಸಿಗದೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. "ಬೇಡ ಕಣೇ. ಹೋಗಬೇಡ. ಆ ತೋಳು ಬಿಗಿಯಾದದ್ದು ನಾನು ಕತ್ತರಿಸಿದ್ದರಲ್ಲಿ. ಬಿಚ್ಚಿದಾಗಲೇ ನನಗೆ ಗೊತ್ತಾಯ್ತು. ಅಷ್ಟು ಜನದ ಮುಂದೆ ಅಂದಮೇಲೆ ಹೇಗೆ ಹೇಳಲಿ ಅಂತ ಹೇಳಲಿಲ್ಲ."

ನಾನು ಅತ್ತುಬಿಟ್ಟೆ. ಭಾವ ಯಾರಿಗೂ ಬೇಡದ ಟೀ ಬಗ್ಗಿಸಿದರು. ತಂಗಿ ಮಾತ್ರ ಅಳಲಿಲ್ಲ; ಬಾಯಿಗೆ ಬಂದ ಹಾಗೆ ಬೈದಳು. ಇಷ್ಟು ವಾರ ಬಾಯಿ ಕಟ್ಟಿಕೊಂಡು ಕೂಡಿಟ್ಟದ್ದನ್ನೆಲ್ಲ, ಎಡಬಲ ನೋಡದೆ, ಉಸಿರು ಕಟ್ಟುವಷ್ಟು ಬೈದಳು. ಟೇಪಕ್ಕ ಒಂದಕ್ಕೂ ಎದುರಾಡದೆ, ಒಳ್ಳೆಯ ಸುದ್ದಿ ಕೇಳುವವಳ ಹಾಗೆ ಮುಖ ಮೇಲೆತ್ತಿ ಕೇಳಿಸಿಕೊಂಡಳು. ಬೈದು ಸುಸ್ತಾದ ಮೇಲೆ ತಂಗಿ ಕೀ ಎತ್ತಿಕೊಂಡು ಹೇಳಿದಳು: "ಏಳು. ಇದನ್ನ ವಾಪಸ್ ಕೊಡೋಕೆ ನೀನೂ ಬಾ. ಮಧ್ಯಾಹ್ನ ತಾನೇ ತಗೊಂಡು ಈಗ ಬೇಡ ಅನ್ನೋಕೆ ನನಗೊಬ್ಬಳಿಗೇ ನಾಚಿಕೆ ಆಗುತ್ತೆ."

"ನಡಿ. ನಾನು ಬಿಡಲಿಲ್ಲ ಅಂತ ಹೇಳು."

ಇಬ್ಬರೂ ಮೆಟ್ಟಿಲಿಳಿದು ಹೋದರು. ಸರದಿಯಲ್ಲಿ ನಿಂತಿದ್ದ ಗಿರಾಕಿಯನ್ನು ಟೇಪಕ್ಕ ನಡುವೆ ಬಿಟ್ಟು ಎದ್ದು ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮ್ಯಾನೇಜರು ಚಾಚಿದ ಕೈಗಳನ್ನು ಮೆಲ್ಲಗೆ ಇಳಿಸಿ ಕೇಳಿದರು, "ನನ್ನ ಕೋಟಮ್ಮ?"

"ಸ್ವಲ್ಪ ತಡವಾಗುತ್ತೆ ಸರ್," ಎಂದೆ. "ಕೂತ್ಕೊಳ್ಳಿ, ಟೀ ಇದೆ."